ಚೀನಾ ತನ್ನ ನಾರುಬೇರಿನ ಔಷಧಿಗೇ ಬಾಗಿಲು ಹಾಕುತ್ತಿದೆಯಾ?

ಚೀನಾದಲ್ಲಿ ಸಾವಿರಾರು ಸಾಂಪ್ರದಾಯಿಕ ಔಷಧಿಗಳ ಪರವಾನಗಿ ಹೋಗಲಿದೆ ಎಂಬ ಸುದ್ದಿ ಓಡಾಡುತ್ತಿದೆ. ಅದನ್ನು ಓದಿದ ಕೆಲವರು "ನೋಡಿ, ಕೊನೆಗೂ ಅವರೇ ಒಪ್ಪಿಕೊಂಡರು, ಅದೆಲ್ಲ ಬುರುಡೆ" ಅಂದುಕೊಂಡರು. ಇನ್ನು ಕೆಲವರಿಗೆ ಇದರಲ್ಲಿ ವಿದೇಶಿ ಔಷಧ ಕಂಪನಿಗಳ ಕೈವಾಡ ಕಂಡಿತು. ಆದರೆ ಅದೇ ಚೀನಾ ಸರ್ಕಾರ ಈ ವೈದ್ಯಪದ್ಧತಿಗೆ ಅಂತಲೇ 2017ರಲ್ಲಿ ಪ್ರತ್ಯೇಕ ಕಾನೂನು ಜಾರಿಗೆ ತಂದಿದೆ. ಅದಕ್ಕೆ ಆಸ್ಪತ್ರೆ ಕಟ್ಟಿಸುತ್ತಿದೆ, ಹೊರದೇಶಗಳಲ್ಲೂ ಪ್ರಚಾರ ಮಾಡುತ್ತಿದೆ. ಹೀಗಿರುವಾಗ ತನ್ನ ಔಷಧಿಯನ್ನು ತಾನೇ ಯಾಕೆ ನಿಲ್ಲಿಸುತ್ತದೆ? ಗೊಂದಲ ಆಗುವುದು ಸಹಜ, ಅಲ್ವಾ?

ನಿಲ್ಲಿಸುತ್ತಿಲ್ಲ. ಹೊಸ ನಿಯಮ ಕೇಳುತ್ತಿರುವುದು ನೋಡಲು ತೀರಾ ಚಿಕ್ಕ ಸಂಗತಿ. ಡಬ್ಬಿಯೊಳಗಿನ ಚೀಟಿಯಲ್ಲಿ ಅಡ್ಡಪರಿಣಾಮದ ಜಾಗದಲ್ಲಿ "ಇನ್ನೂ ಸ್ಪಷ್ಟವಾಗಿಲ್ಲ" ಎಂದು ಬರೆದು ಕೈತೊಳೆದುಕೊಳ್ಳಬೇಡಿ, ಅಷ್ಟೇ. ಈ ಚಿಕ್ಕ ಸಂಗತಿ ಕಂಪನಿಗಳ ನಿದ್ದೆ ಕೆಡಿಸಿದ್ದು ಯಾಕೆ ಎಂಬುದು ಮಾತ್ರ ಸ್ವಲ್ಪ ಉದ್ದದ ಕತೆ.

## ನಿಯಮ ಹೇಳುವುದೇನು

ಚೀನಾದ ಔಷಧ ನಿಯಂತ್ರಣ ಸಂಸ್ಥೆ ಎನ್‌ಎಂಪಿಎ 2023ರ ಫೆಬ್ರವರಿಯಲ್ಲಿ ಸಾಂಪ್ರದಾಯಿಕ ಔಷಧಿಗಳ ನೋಂದಣಿಗೆ ಹೊಸ ನಿಯಮಾವಳಿ ಹೊರಡಿಸಿತು. ಅದು ಆ ವರ್ಷ ಜುಲೈ 1ರಿಂದ ಜಾರಿಗೆ ಬಂತು. ಅದರ 75ನೇ ವಿಧಿ ಔಷಧಿಯ ಚೀಟಿಯಲ್ಲಿರುವ ಮೂರು ಭಾಗಗಳ ಬಗ್ಗೆ ಮಾತಾಡುತ್ತದೆ. ಯಾರು ಇದನ್ನು ತೆಗೆದುಕೊಳ್ಳಬಾರದು, ಅಡ್ಡಪರಿಣಾಮ ಏನು, ಯಾವ ಎಚ್ಚರಿಕೆ ಬೇಕು. ಈ ಮೂರರಲ್ಲಿ ಒಂದರ ಮುಂದೆಯಾದರೂ "ಇನ್ನೂ ಸ್ಪಷ್ಟವಾಗಿಲ್ಲ" ಎಂಬ ಸಾಲು ಉಳಿದಿದ್ದರೆ ಆ ಔಷಧಿಯ ನೋಂದಣಿ ನವೀಕರಣ ಆಗುವುದಿಲ್ಲ. ಸರಿಪಡಿಸಿಕೊಳ್ಳಲು ಕೊಟ್ಟ ಕಾಲ ಮೂರು ವರ್ಷ. ಅಂದರೆ 2026ರ ಜುಲೈ 1ರಿಂದ ಈ ವಿಧಿಗೆ ನಿಜವಾದ ಹಲ್ಲು ಬರುತ್ತದೆ.

ಸುದ್ದಿಗಳು ತಪ್ಪಿದ್ದು ಇಲ್ಲೇ. ಜುಲೈ 1ರ ಬೆಳಗ್ಗೆ ಅಂಗಡಿಯ ಕಪಾಟುಗಳೆಲ್ಲ ಖಾಲಿಯಾಗುವುದಿಲ್ಲ. ಚೀನಾದಲ್ಲಿ ಔಷಧಿ ನೋಂದಣಿಗೆ 5 ವರ್ಷದ ಅವಧಿ. ಗಡುವಿಗೆ ಸ್ವಲ್ಪ ಮುಂಚೆ ನವೀಕರಿಸಿಕೊಂಡ ಕಂಪನಿಗೆ 2031ರವರೆಗೂ ಸಮಯ ಸಿಗುತ್ತದೆ. ಒಂದೊಂದೇ ಔಷಧಿಯ ಸರದಿ ಬಂದಾಗ ಒಂದೊಂದೇ ಪರೀಕ್ಷೆಗೆ ಒಳಗಾಗುತ್ತದೆ.

ಎರಡನೇ ತಪ್ಪು ಸಂಖ್ಯೆಯದ್ದು. ಚೀನಾದಲ್ಲಿ ಈ ವರ್ಗದ ಪರವಾನಗಿಗಳು 50 ಸಾವಿರಕ್ಕೂ ಜಾಸ್ತಿ ಇವೆ. ಹಾಗಂತ ಅಷ್ಟು ಬಗೆಯ ಔಷಧಿ ಇದೆ ಎಂದಲ್ಲ. ನೆಗಡಿಗೆ ಕುಡಿಯುವ ಬಾನ್‌ಲಾನ್‌ಗೆನ್ ಪುಡಿಯಂಥ ಒಂದೇ ಔಷಧಿಗೆ ನೂರಾರು ಕಂಪನಿಗಳ ಹತ್ತಿರ ಬೇರೆ ಬೇರೆ ಪರವಾನಗಿ ಇದೆ. ಅವುಗಳಲ್ಲಿ ಎಷ್ಟೋ ಕಂಪನಿಗಳು ವರ್ಷಗಳಿಂದ ಒಂದು ಡಬ್ಬಿಯನ್ನೂ ತಯಾರಿಸಿಲ್ಲ. ಪರವಾನಗಿ ಮಾತ್ರ ಕಡತದಲ್ಲಿ ಮಲಗಿದೆ.

## ಒಲೆ ಮೇಲಿನ ಕಷಾಯಕ್ಕೆ ತೊಂದರೆ ಇಲ್ಲ

ಈ ನಿಯಮ ಅನ್ವಯಿಸುವುದು ಕಾರ್ಖಾನೆಯಲ್ಲಿ ಮಾತ್ರೆ, ಕ್ಯಾಪ್ಸೂಲ್, ಪುಡಿ, ಸಿರಪ್ ರೂಪದಲ್ಲಿ ತಯಾರಾಗಿ ಡಬ್ಬಿಯಲ್ಲಿ ಬರುವ ಔಷಧಿಗೆ. ವೈದ್ಯರು ನಾಡಿ, ನಾಲಿಗೆ ನೋಡಿ ಚೀಟಿ ಬರೆದು, ಅಂಗಡಿಯವನು ಡ್ರಾಯರ್‌ಗಳಿಂದ ಒಣ ಬೇರು, ತೊಗಟೆ, ಹೂವು ತೂಗಿ ಕೊಡುವ ಪದ್ಧತಿ ಬೇರೆ. ಅದನ್ನು ಮನೆಗೆ ಒಯ್ದು ಕುದಿಸಿ ಕುಡಿಯುತ್ತಾರೆ. ನಮ್ಮ ಗ್ರಂಥಿಗೆ ಅಂಗಡಿ ನೋಡಿದವರಿಗೆ ಇದು ಹೊಸದೇನಲ್ಲ. ಅದಕ್ಕೆ ಈ ವಿಧಿ ಕೈಹಾಕಿಲ್ಲ.

ಅಡುಗೆಮನೆಗಂತೂ ಸಂಬಂಧವೇ ಇಲ್ಲ. ಆಹಾರವೂ ಹೌದು ಔಷಧಿಯೂ ಹೌದು ಎನ್ನುವ ಪದಾರ್ಥಗಳ ಪಟ್ಟಿಯೊಂದನ್ನು ಚೀನಾ 2002ರಲ್ಲಿ ಮಾಡಿತು. ಅದರಲ್ಲಿ 87 ಹೆಸರುಗಳಿದ್ದವು. ಶುಂಠಿ, ಜ್ಯೇಷ್ಠಮಧು, ಗೋಜಿ ಹಣ್ಣು, ಕೆಂಪು ಖರ್ಜೂರದಂತೆ ಕಾಣುವ ಜುಜುಬೆ, ಹನಿಸಕಲ್ ಹೂವು ಎಲ್ಲ ಅದರಲ್ಲಿವೆ. ಸೂಪಿಗೆ ಗೋಜಿ ಹಾಕುವವರು, ಚಳಿಗೆ ಶುಂಠಿ ನೀರು ಕುಡಿಯುವವರು ಎಂದಿನಂತೆ ಮಾಡಿಕೊಂಡು ಹೋಗಬಹುದು.

## ಖಾಲಿ ಜಾಗ ಇಷ್ಟು ವರ್ಷ ಉಳಿದದ್ದು ಹೇಗೆ

ಚೀನಾದಲ್ಲಿ ಸಾಂಪ್ರದಾಯಿಕ ವೈದ್ಯ ಯಾವತ್ತೂ ಬರೀ ಆರೋಗ್ಯದ ವಿಷಯ ಆಗಿರಲಿಲ್ಲ. 1929ರಲ್ಲಿ ಆಗಿನ ರಾಷ್ಟ್ರೀಯವಾದಿ ಸರ್ಕಾರದ ಆರೋಗ್ಯ ಸಮಿತಿ ಹಳೆಯ ವೈದ್ಯವನ್ನು ನಿಲ್ಲಿಸುವ ಪ್ರಸ್ತಾವ ತಂದಿತ್ತು. ಜಪಾನಿನಲ್ಲಿ ಓದಿ ಬಂದ ವೈದ್ಯ ಯು ಯುನ್‌ಶಿಯು ಅದರ ಮುಂದಾಳು. ಮಾರ್ಚ್ 17ರಂದು ಶಾಂಘೈನಲ್ಲಿ ದೇಶದ ನಾನಾ ಕಡೆಯ ವೈದ್ಯರೂ ಔಷಧ ವ್ಯಾಪಾರಿಗಳೂ ಸೇರಿ ಪ್ರತಿಭಟಿಸಿದರು. ಪ್ರಸ್ತಾವ ಬಿದ್ದುಹೋಯಿತು. ಕಮ್ಯುನಿಸ್ಟರು ಬಂದ ಮೇಲೆ ಗಾಳಿ ಪೂರ್ತಿ ತಿರುಗಿತು. ಅಷ್ಟು ದೊಡ್ಡ ದೇಶಕ್ಕೆ ಸಾಕಾಗುವಷ್ಟು ಆಧುನಿಕ ಡಾಕ್ಟರುಗಳಿರಲಿಲ್ಲ, ಹಳ್ಳಿಹಳ್ಳಿಯಲ್ಲೂ ನಾರುಬೇರಿನ ವೈದ್ಯರಿದ್ದರು. 1956ರಲ್ಲಿ ಬೀಜಿಂಗ್, ಶಾಂಘೈ, ಗುವಾಂಗ್‌ಜೌ, ಚೆಂಗ್ಡುಗಳಲ್ಲಿ ಸರ್ಕಾರವೇ ಈ ಪದ್ಧತಿಯ ಕಾಲೇಜು ತೆರೆಯಿತು.

ಕಾರ್ಖಾನೆಗಳೂ ಎದ್ದವು. ಆದರೆ ಔಷಧಿಗೆ ಒಪ್ಪಿಗೆ ಕೊಡುವ ಕೆಲಸ ಬಹಳ ಕಾಲ ಪ್ರಾಂತ್ಯಗಳ ಕೈಯಲ್ಲೇ ಇತ್ತು. ಹಳೆಯ ಗ್ರಂಥದಲ್ಲಿ ಇದೆ, ಊರಿನ ಹಿರಿಯ ವೈದ್ಯರು ಕೊಡುತ್ತಿದ್ದರು ಎಂದರೆ ಸಾಕಿತ್ತು. ರೋಗಿಗಳ ಮೇಲೆ ವ್ಯವಸ್ಥಿತ ಪರೀಕ್ಷೆ ನಡೆಸಿ, ಯಾರಿಗೆ ಏನಾಯಿತು ಎಂದು ಬರೆದಿಡುವ ಪದ್ಧತಿ ಇರಲಿಲ್ಲ. 2001ರಲ್ಲಿ ಔಷಧ ಕಾನೂನು ತಿದ್ದುಪಡಿಯಾಗಿ ಪ್ರಾಂತ್ಯಗಳ ಮಾನದಂಡ ರದ್ದಾದಾಗ ಈ ಸಾವಿರಾರು ಔಷಧಿಗಳು ರಾಷ್ಟ್ರೀಯ ಪಟ್ಟಿಗೆ ಬಂದವು. ಬಂದದ್ದು ಹಳೆಯ ಕಡತದ ಸಮೇತ. ಕಡತದಲ್ಲಿ ಅಡ್ಡಪರಿಣಾಮದ ಮಾಹಿತಿಯೇ ಇಲ್ಲದಿದ್ದಾಗ ಚೀಟಿಯಲ್ಲಿ ಏನು ಬರೆಯುವುದು? ಆ ಒಂದು ಸಾಲು ಬಂದು ಕೂತಿತು.

ಕೂತ ಮೇಲೆ ಅದನ್ನು ಎಬ್ಬಿಸಲು ಯಾರಿಗೂ ಆಸಕ್ತಿ ಇರಲಿಲ್ಲ. ಕಂಪನಿಯ ಕಡೆಯಿಂದ ಯೋಚಿಸಿ. ಪಕ್ಕದ ಕಂಪನಿಯ ಅದೇ ಔಷಧಿಯ ಚೀಟಿಯಲ್ಲಿ ಏನೂ ತೊಂದರೆ ಬರೆದಿಲ್ಲ. ನೀವು ಮಾತ್ರ ದುಡ್ಡು ಸುರಿದು ಅಧ್ಯಯನ ಮಾಡಿಸಿ, "ಲಿವರ್‌ಗೆ ಪೆಟ್ಟಾಗಬಹುದು" ಎಂದು ಬರೆದರೆ ಗಿರಾಕಿ ಯಾರ ಡಬ್ಬಿ ಎತ್ತಿಕೊಳ್ಳುತ್ತಾನೆ? ಪ್ರಾಮಾಣಿಕತೆಗೆ ದಂಡ, ಮೌನಕ್ಕೆ ಲಾಭ. ಎಲ್ಲರಿಗೂ ಒಂದೇ ಗಡುವು ಹಾಕಿದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಹೊಸ ನಿಯಮದ ಬುದ್ಧಿವಂತಿಕೆ ಇರುವುದು ಇಲ್ಲಿ ಅಂತ ನನಗೆ ಅನಿಸುತ್ತದೆ.

ಗುಟ್ಟಿನ ಸೂತ್ರಗಳ ಸಮಸ್ಯೆ ಇನ್ನೊಂದು. ಗಾಯಕ್ಕೆ ಹೆಸರಾದ ಯುನ್ನಾನ್ ಬಾಯ್ಯಾವ್ ಪುಡಿಯ ಸೂತ್ರ ಚೀನಾದಲ್ಲಿ ರಾಷ್ಟ್ರದ ರಹಸ್ಯ. 2013ರಲ್ಲಿ ಹಾಂಗ್‌ಕಾಂಗ್ ಅಧಿಕಾರಿಗಳಿಗೆ ಅದರಲ್ಲಿ ವತ್ಸನಾಭಿ ಜಾತಿಯ ವಿಷಸತ್ವ ಸಿಕ್ಕಿತು, ಅಲ್ಲಿನ ಮಾರುಕಟ್ಟೆಯಿಂದ ವಾಪಸ್ ತರಿಸಿದರು. ಮರುವರ್ಷ ಚೀಟಿಯಲ್ಲಿ ಸಂಸ್ಕರಿಸಿದ ವತ್ಸನಾಭಿ ಇರುವ ಸಂಗತಿ ಬಂತು. ಅದುವರೆಗೆ ತಿಂದವರಿಗೆ ತಾವು ಏನು ತಿನ್ನುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ.

## ಬ್ರಸೆಲ್ಸ್‌ನಲ್ಲಿ ನಡೆದದ್ದು

"ಗೊತ್ತಿಲ್ಲ" ಎನ್ನುವುದು "ಏನೂ ಇಲ್ಲ" ಎಂದು ಓದಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅತಿ ದೊಡ್ಡ ಉದಾಹರಣೆ ಚೀನಾದ ಹೊರಗೆ ಸಿಗುತ್ತದೆ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಕ್ಲಿನಿಕ್ ಒಂದು 1990ರಲ್ಲಿ ತನ್ನ ಮಾತ್ರೆಗಳಿಗೆ ಎರಡು ಚೀನೀ ಮೂಲಿಕೆಗಳನ್ನು ಸೇರಿಸಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಆರೋಗ್ಯವಾಗಿದ್ದ ಹೆಂಗಸರು ಕಿಡ್ನಿ ಕೈಕೊಟ್ಟು ಆಸ್ಪತ್ರೆಗೆ ಬರತೊಡಗಿದರು. 1993ರಲ್ಲಿ ವೈದ್ಯರು ಪ್ರಕರಣಗಳನ್ನು ಪ್ರಕಟಿಸಿದರು. ಕೊನೆಗೆ ಇಂಥವರ ಸಂಖ್ಯೆ ನೂರು ದಾಟಿತು. ಹಲವರಿಗೆ ಡಯಾಲಿಸಿಸ್ ಅಥವಾ ಕಿಡ್ನಿ ಕಸಿ ಬೇಕಾಯಿತು.

ಮೂಲ ಹುಡುಕಿದಾಗ ಸಿಕ್ಕಿದ್ದು ಹೆಸರಿನ ಅದಲುಬದಲು. ಹಾಕಬೇಕಿದ್ದದ್ದು ಫಾಂಗ್ ಜಿ ಎಂಬ ಬೇರು. ಬಂದದ್ದು ಗುವಾಂಗ್ ಫಾಂಗ್ ಜಿ. ಹೆಸರು ಹತ್ತಿರ, ಒಣಗಿಸಿ ಕತ್ತರಿಸಿದರೆ ನೋಟವೂ ಹತ್ತಿರ. ಗಿಡದ ಕುಲ ಮಾತ್ರ ಬೇರೆ. ಎರಡನೆಯದು ಅರಿಸ್ಟೋಲೋಕಿಯಾ ಕುಲಕ್ಕೆ ಸೇರಿದ್ದು. ಅದರಲ್ಲಿ ಅರಿಸ್ಟೋಲೋಕಿಕ್ ಆಮ್ಲ ಇರುತ್ತದೆ. ಈ ಆಮ್ಲ ಕಿಡ್ನಿಯ ನಾಳಗಳನ್ನು ಕೊಲ್ಲುತ್ತದೆ, ಡಿಎನ್‌ಎಗೆ ಅಂಟಿಕೊಂಡು ಕ್ಯಾನ್ಸರ್ ತರುತ್ತದೆ. ಬ್ರಸೆಲ್ಸ್‌ನ ರೋಗಿಗಳಲ್ಲಿ 39 ಮಂದಿಯ ಕೆಟ್ಟ ಕಿಡ್ನಿ ಮತ್ತು ಮೂತ್ರನಾಳಗಳನ್ನು ಮುನ್ನೆಚ್ಚರಿಕೆಯಾಗಿ ತೆಗೆದು ಪರೀಕ್ಷಿಸಿದಾಗ 18 ಮಂದಿಯಲ್ಲಿ ಕ್ಯಾನ್ಸರ್ ಕಂಡಿತು. ಅದು 2000ದಲ್ಲಿ ಪ್ರಕಟವಾಯಿತು. ಮಾತ್ರೆ ಬಿಟ್ಟು ವರ್ಷಗಳೇ ಆಗಿದ್ದವು.

ಕಳಪೆ ವ್ಯಾಪಾರಿಯ ತಪ್ಪು ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಚೀನಾದೊಳಗೇ ಗುವಾನ್ ಮು ಟೋಂಗ್ ಎಂಬ ಅದೇ ಕುಲದ ಬಳ್ಳಿ ಇನ್ನೊಂದು ನಿರಪಾಯ ಬಳ್ಳಿಯ ಜಾಗಕ್ಕೆ ಬಂದು ಕೂತಿತ್ತು. ಲೋಂಗ್‌ದಾನ್ ಶಿಯೆಗಾನ್ ಎಂಬ ಜನಪ್ರಿಯ ಗುಳಿಗೆಯಲ್ಲಿ ಅದು ಇರುತ್ತಿತ್ತು. ಮೈ ಕಾವು ಇಳಿಸಲು, ಬಾಯಿ ಹುಣ್ಣಿಗೆ ಜನ ತಮ್ಮಷ್ಟಕ್ಕೆ ತಾವೇ ಕೊಂಡು ತಿನ್ನುತ್ತಿದ್ದರು. ಈ ಬಳ್ಳಿ ಜಾಸ್ತಿ ಕುಡಿದ ಇಬ್ಬರಿಗೆ ಕಿಡ್ನಿ ನಿಂತುಹೋದ ಸಂಗತಿಯನ್ನು ಚೀನಾದ ವೈದ್ಯರೊಬ್ಬರು 1964ರಲ್ಲೇ ಬರೆದಿದ್ದರು. ಅದು ಪತ್ರಿಕೆಯ ಪುಟದಲ್ಲೇ ಉಳಿಯಿತು, ಚೀಟಿಗೆ ಬರಲಿಲ್ಲ. ಚೀನಾ ಗುವಾನ್ ಮು ಟೋಂಗ್ ನಿಲ್ಲಿಸಿದ್ದು 2003ರಲ್ಲಿ. ಅಂದರೆ ಮೊದಲ ಎಚ್ಚರಿಕೆ ಬಂದು ಸುಮಾರು 40 ವರ್ಷಕ್ಕೆ. ಇದೇ ಕುಲದ ಮಾ ದೋ ಲಿಂಗ್ ಕಾಯಿ ಅಧಿಕೃತ ಔಷಧಕೋಶದಿಂದ ಹೊರಬಿದ್ದದ್ದು 2020ರ ಆವೃತ್ತಿಯಲ್ಲಿ.

ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. 2017ರಲ್ಲಿ ತೈವಾನಿನ 98 ಲಿವರ್ ಕ್ಯಾನ್ಸರ್ ಗಡ್ಡೆಗಳ ಡಿಎನ್‌ಎ ಓದಿದ ಸಂಶೋಧಕರಿಗೆ 78 ಶೇಕಡಾ ಗಡ್ಡೆಗಳಲ್ಲಿ ಈ ಆಮ್ಲ ಬಿಟ್ಟುಹೋಗುವ ವಿಶಿಷ್ಟ ಗುರುತು ಸಿಕ್ಕಿತು. ತೈವಾನ್ ಕೂಡ 2003ರಲ್ಲೇ ಈ ಮೂಲಿಕೆಗಳನ್ನು ನಿಷೇಧಿಸಿತ್ತು. ಇಂಥ ವಿಷ ತಿಂದ ದಿನ ವಾಂತಿ ಬರುವುದಿಲ್ಲ, ತಲೆ ಸುತ್ತುವುದಿಲ್ಲ. ಹತ್ತಿಪ್ಪತ್ತು ವರ್ಷದ ಮೇಲೆ ಬರುವ ಕಾಯಿಲೆಯನ್ನು ಯಾವ ವೈದ್ಯರ ಅನುಭವವೂ ಹಳೆಯ ಗುಳಿಗೆಗೆ ಜೋಡಿಸಲಾರದು. "ಸಾವಿರ ವರ್ಷದಿಂದ ಬಳಸುತ್ತಿದ್ದೇವೆ, ತೊಂದರೆ ಆಗಿದ್ದರೆ ಗೊತ್ತಾಗುತ್ತಿರಲಿಲ್ಲವೇ" ಎಂಬ ವಾದ ಸೋಲುವುದು ಈ ಜಾಗದಲ್ಲಿ. ತಕ್ಷಣದ ವಿಷ ಪರಂಪರೆಗೆ ಚೆನ್ನಾಗಿ ಗೊತ್ತು. ನಿಧಾನದ ವಿಷ ಗೊತ್ತಾಗಲು ಲೆಕ್ಕದ ಪುಸ್ತಕ ಬೇಕು.

ತಕ್ಷಣದ ವಿಷದ ಬಗ್ಗೆ ಪರಂಪರೆಗೆ ಇದ್ದ ತಿಳಿವಳಿಕೆ ಸಣ್ಣದಲ್ಲ. ವತ್ಸನಾಭಿ ಜಾತಿಯ ಫುಜಿ ಬೇರನ್ನು ಸಂಸ್ಕರಿಸಿಯೇ ಬಳಸಬೇಕು, ಕಷಾಯಕ್ಕೆ ಬೇರೆಲ್ಲ ಮೂಲಿಕೆಗಿಂತ ಮೊದಲು ಹಾಕಿ ಬಹಳ ಹೊತ್ತು ಕುದಿಸಬೇಕು ಎಂಬುದು ಅವರ ಹಳೆಯ ನಿಯಮ. ಕುದಿದಂತೆ ಅದರ ಘೋರ ವಿಷ ಒಡೆದು ಸೌಮ್ಯವಾಗುತ್ತದೆ ಎಂದು ಇವತ್ತಿನ ರಸಾಯನಶಾಸ್ತ್ರವೂ ಹೇಳುತ್ತದೆ. ಒಟ್ಟಿಗೆ ಸೇರಿಸಬಾರದ ಮೂಲಿಕೆಗಳ ಪಟ್ಟಿಯನ್ನೇ ಅವರು ಬಾಯಿಪಾಠ ಮಾಡುತ್ತಾರೆ. ಹೀಗಿರುವಾಗ ಅದೇ ಪರಂಪರೆಯ ಹೆಸರಿನ ಡಬ್ಬಿಯಲ್ಲಿ ಅಡ್ಡಪರಿಣಾಮದ ಜಾಗ ಖಾಲಿ ಇರುವುದು ವಿಚಿತ್ರ.

## ದಿನದ ಮದ್ದಿನ ಮಾತು

ಬ್ರಸೆಲ್ಸ್‌ನಂಥ ದುರಂತ ಅಪರೂಪ. ಚೀಟಿಯ ಸಾಲು ದಿನನಿತ್ಯ ಬೇಕಾಗುವುದು ಸಾಮಾನ್ಯ ಮದ್ದುಗಳಿಗೆ.

ಹೆ ಶೋ ವು ಎಂಬ ಗಡ್ಡೆಯನ್ನು ತೆಗೆದುಕೊಳ್ಳಿ. ನೆರೆತ ಕೂದಲು ಕಪ್ಪಾಗುತ್ತದೆ, ಶಕ್ತಿ ಬರುತ್ತದೆ ಎಂದು ಚೀನಾದಲ್ಲಿ ಮನೆಮಾತು. ಕಪ್ಪು ಕಾಳಿನ ರಸದಲ್ಲಿ ಬೇಯಿಸಿ ಸಂಸ್ಕರಿಸುತ್ತಾರೆ. ಇದನ್ನು ತಿಂದ ಕೆಲವರಿಗೆ ಕಾಮಾಲೆ ಬಂದು ಲಿವರ್ ಹಾಳಾದ ವರದಿಗಳು ಗುಡ್ಡೆಯಾದ ಮೇಲೆ 2014ರಲ್ಲಿ ಚೀನಾದ ನಿಯಂತ್ರಕರು ಸಾರ್ವಜನಿಕವಾಗಿ ಎಚ್ಚರಿಸಿದರು. ಎಲ್ಲರಿಗೂ ಹೀಗಾಗುವುದಿಲ್ಲ. ಒಂದು ನಿರ್ದಿಷ್ಟ ಜೀನ್ ಮಾದರಿ ಇರುವವರಲ್ಲಿ ಅಪಾಯ ಜಾಸ್ತಿ ಎಂದು ಚೀನಾದ ಸಂಶೋಧಕರೇ ಆಮೇಲೆ ಕಂಡುಕೊಂಡರು. ನೂರು ಜನ ತಿಂದು ಚೆನ್ನಾಗಿದ್ದಾರೆ ಎಂಬ ಸಾಕ್ಷಿ ಈ ಒಬ್ಬರ ಪಾಲಿಗೆ ಕೆಲಸಕ್ಕೆ ಬಾರದು ಎಂದಾಯಿತು.

ಜ್ಯೇಷ್ಠಮಧು ಚೀನಾದ ಅರ್ಧಕ್ಕರ್ಧ ಕಷಾಯಗಳಲ್ಲಿ ಬೀಳುತ್ತದೆ ಎಂದರೂ ನಡೆಯುತ್ತದೆ. ಸ್ವಲ್ಪ ತಿಂದರೆ ಏನಿಲ್ಲ. ವಾರಗಟ್ಟಲೆ ಜಾಸ್ತಿ ತಿಂದರೆ ಮೈಯಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ರಕ್ತದೊತ್ತಡ ಏರುತ್ತದೆ. ಬಿಪಿ ಮಾತ್ರೆ ನುಂಗುವವರು ಇದನ್ನು ತಿಳಿದಿರಬೇಕಲ್ವಾ? ಹೃದಯಕ್ಕೆ ಒಳ್ಳೆಯದು ಎನ್ನುವ ದಾನ್‌ಶೆನ್ ಬೇರು ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಇನ್ನೂ ಸ್ವಾರಸ್ಯದ್ದು ವಿಟಮಿನ್ ಸಿ ಯಿನ್‌ಚಿಯಾವ್ ಎಂಬ ನೆಗಡಿ ಮಾತ್ರೆ. ಹನಿಸಕಲ್, ಫೋರ್ಸಿಥಿಯಾ ಎಂಬ ಮೂಲಿಕೆಗಳ ಹೆಸರು ಹೊತ್ತ ಸಾಂಪ್ರದಾಯಿಕ ಔಷಧಿ. ಆದರೆ ಪ್ರತಿ ಮಾತ್ರೆಯಲ್ಲಿ 105 ಮಿಲಿಗ್ರಾಂ ಪ್ಯಾರಸಿಟಮಾಲ್ ಇದೆ, ಜೊತೆಗೆ ನಿದ್ದೆ ತರುವ ಕ್ಲೋರ್‌ಫೆನಿರಮೈನ್ ಇದೆ. ಜ್ವರ ಬಂದವರು "ಇದು ಗಿಡಮೂಲಿಕೆ ತಾನೇ" ಎಂದು ಇದನ್ನೂ ನುಂಗಿ, ಮೇಲೆ ಬೇರೆ ಪ್ಯಾರಸಿಟಮಾಲ್ ಮಾತ್ರೆಯನ್ನೂ ನುಂಗಿದರೆ ಲಿವರ್‌ಗೆ ಎರಡು ಪಾಲು. ಚಾಲಕನಾಗಿದ್ದರೆ ಸ್ಟಿಯರಿಂಗ್ ಮೇಲೆ ತೂಕಡಿಕೆ. ಮಧುಮೇಹದ ಶಿಯಾವ್‌ಕೆ ಗುಳಿಗೆಯಲ್ಲೂ ಹೀಗೆಯೇ ಗ್ಲಿಬೆನ್‌ಕ್ಲಮೈಡ್ ಎಂಬ ಇಂಗ್ಲಿಷ್ ಔಷಧಿ ಸೇರಿದೆ. ಇದು ಕಲಬೆರಕೆ ಅಲ್ಲ, ಒಪ್ಪಿಗೆ ಪಡೆದ ಸೂತ್ರವೇ ಹಾಗೆ.

## ಯಾರ ವಾದ ಏನು

ಈ ಪದ್ಧತಿಯ ಹಿರಿಯ ವೈದ್ಯರಲ್ಲಿ ಹಲವರ ತಕರಾರು ಹೀಗಿದೆ. ನಮ್ಮಲ್ಲಿ ರೋಗದ ಹೆಸರಿಗಿಂತ ರೋಗಿಯ ಪ್ರಕೃತಿ ಮುಖ್ಯ. ಉಷ್ಣ ಮೈಯವನಿಗೆ ಕೊಡುವುದನ್ನು ಶೀತ ಮೈಯವನಿಗೆ ಕೊಟ್ಟರೆ ತೊಂದರೆ ಆಗಿಯೇ ಆಗುತ್ತದೆ, ಅದು ಔಷಧಿಯ ಅಡ್ಡಪರಿಣಾಮ ಅಲ್ಲ, ಕೊಟ್ಟವರ ತಪ್ಪು. ಹತ್ತು ಹದಿನೈದು ಮೂಲಿಕೆ ಸೇರಿದ ಔಷಧಿಯಲ್ಲಿ ಯಾವುದರಿಂದ ಏನಾಯಿತು ಎಂದು ಬಿಡಿಸಿ ನೋಡುವುದು ಈ ಶಾಸ್ತ್ರದ ರೀತಿಯೇ ಅಲ್ಲ.

ಈ ಮಾತಿನಲ್ಲಿ ಹುರುಳಿದೆ. ಆದರೆ ಡಬ್ಬಿ ಔಷಧಿಯನ್ನು ಬರೆದುಕೊಡುವವರಲ್ಲಿ ಬಹುಪಾಲು ಜನ ಆಧುನಿಕ ವೈದ್ಯ ಓದಿದ ಡಾಕ್ಟರುಗಳು. ಅವರಿಗೆ ಉಷ್ಣ, ಶೀತದ ಲೆಕ್ಕ ಬರುವುದಿಲ್ಲ. ಹೀಗಾಗಿಯೇ 2019ರಲ್ಲಿ ಚೀನಾ, ಕನಿಷ್ಠ ಒಂದು ವರ್ಷ ಈ ಪದ್ಧತಿಯನ್ನು ಓದಿ ಪಾಸಾಗದ ಆಧುನಿಕ ವೈದ್ಯರು ಇವನ್ನು ಬರೆಯಬಾರದು ಎಂದಿತು. ಉಳಿದದ್ದನ್ನು ಜನ ಸುಮ್ನೆ ಅಂಗಡಿಗೆ ಹೋಗಿ ಕೊಳ್ಳುತ್ತಾರೆ. ನಾಡಿ ನೋಡುವ ವೈದ್ಯರೇ ಎದುರಿಗಿಲ್ಲದ ಮೇಲೆ ಅವರ ಎಚ್ಚರಿಕೆ ಚೀಟಿಯಲ್ಲಾದರೂ ಇರಬೇಕು. ತಪ್ಪು ಪ್ರಕೃತಿಯವನಿಗೆ ತೊಂದರೆ ಆಗುತ್ತದೆ ಎಂದಾದರೆ ಅದನ್ನೇ "ಯಾರು ತೆಗೆದುಕೊಳ್ಳಬಾರದು" ಎಂಬ ಭಾಗದಲ್ಲಿ ಬರೆಯಬಹುದು. ನಿಯಮ ಅದಕ್ಕೆ ಅಡ್ಡಿ ಮಾಡಿಲ್ಲ.

ಕಂಪನಿಗಳ ವಾದ ಖರ್ಚಿನದು. ಒಂದು ಔಷಧಿಗೆ ಮಾಹಿತಿ ಕೂಡಿಸಲು ಆಸ್ಪತ್ರೆಗಳಿಂದ ಬಂದ ದೂರುಗಳನ್ನು ಜರಡಿ ಹಿಡಿಯಬೇಕು, ಪ್ರಕಟವಾದ ವರದಿ ಹುಡುಕಬೇಕು, ಬೇಕಾದರೆ ಹೊಸ ಅಧ್ಯಯನ ಮಾಡಿಸಬೇಕು. ವರ್ಷಕ್ಕೆ ನಾಲ್ಕು ಕಾಸು ತರುವ ಔಷಧಿಗೆ ಇದು ಕಟ್ಟುವುದಿಲ್ಲ.

ಇನ್ನು ಕಟು ಟೀಕಾಕಾರರಿಗೆ ನಿಯಮವೇ ಸಾಲದು. ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಕೇಳದೆ ಬರೀ ಅಡ್ಡಪರಿಣಾಮ ಬರೆಯಿರಿ ಎಂದರೆ ಏನು ಬಂತು ಎಂಬುದು ಅವರ ಪ್ರಶ್ನೆ.

## ಕೆಲಸ ಮಾಡುತ್ತದೆಯೇ ಎಂಬುದು ಬೇರೆ ಪ್ರಶ್ನೆ

ಈ ಟೀಕೆ ನ್ಯಾಯವಾದದ್ದು. ಹಳೆಯ ಗ್ರಂಥಗಳ ಸೂತ್ರದಂತೆಯೇ ತಯಾರಿಸಿದ ಔಷಧಿಗೆ ರೋಗಿಗಳ ಮೇಲಿನ ಪರೀಕ್ಷೆ ಇಲ್ಲದೆ ಒಪ್ಪಿಗೆ ಕೊಡುವ ದಾರಿ ಚೀನಾದಲ್ಲಿದೆ. 2018ರಲ್ಲಿ ಅಂಥ 100 ಸೂತ್ರಗಳ ಮೊದಲ ಪಟ್ಟಿ ಬಂತು. ಅಂದರೆ ಒಂದು ಕಡೆ ಸುರಕ್ಷತೆಯ ಹಗ್ಗ ಬಿಗಿ, ಇನ್ನೊಂದು ಕಡೆ ಪರಿಣಾಮದ ಹಗ್ಗ ಸಡಿಲ. ಸರ್ಕಾರ ಹೊಗಳುತ್ತಲೂ ಇದೆ, ಗದರುತ್ತಲೂ ಇದೆ ಎಂದು ಕಾಣುವುದಕ್ಕೆ ಇದೇ ಕಾರಣ. ಪದ್ಧತಿಯನ್ನು ಬೆಳೆಸಬೇಕು, ಹೊರದೇಶಕ್ಕೆ ಮಾರಬೇಕು ಎಂದರೆ ಹಗರಣ ಆಗಬಾರದು. ಒಟ್ಟು 30 ವರ್ಷ ಬಳಕೆಯಲ್ಲಿದ್ದು ಅದರಲ್ಲಿ 15 ವರ್ಷ ಯುರೋಪಿನೊಳಗೇ ಬಳಕೆಯಾಗಿದ್ದರೆ ಮಾತ್ರ ಯುರೋಪಿನಲ್ಲಿ ಸಾಂಪ್ರದಾಯಿಕ ಔಷಧಿ ಎಂದು ನೋಂದಾಯಿಸುತ್ತಾರೆ, ಸುರಕ್ಷತೆಯ ದಾಖಲೆ ಕೇಳಿಯೇ ಕೇಳುತ್ತಾರೆ. "ಇನ್ನೂ ಸ್ಪಷ್ಟವಾಗಿಲ್ಲ" ಎಂಬ ಚೀಟಿ ಹಿಡಿದು ಅಲ್ಲಿಗೆ ಹೋಗಲಾಗದು.

ಕೋವಿಡ್ ಕಾಲದ ಲಿಯಾನ್‌ಹುವಾ ಚಿಂಗ್‌ವೆನ್ ಜಗಳದಲ್ಲೂ ಈ ಎರಡು ಪ್ರಶ್ನೆ ಕಲಸಿಹೋದವು. 13 ಪದಾರ್ಥಗಳ ಈ ಔಷಧಿಯನ್ನು 2022ರ ಶಾಂಘೈ ಲಾಕ್‌ಡೌನ್‌ನಲ್ಲಿ ಮನೆಮನೆಗೆ ಹಂಚಿದರು. ಪ್ರಶ್ನಿಸಿದವರಿಗೂ ಸಮರ್ಥಿಸಿದವರಿಗೂ ಚೀನಾದ ಇಂಟರ್‌ನೆಟ್‌ನಲ್ಲಿ ದೊಡ್ಡ ಜಟಾಪಟಿ ನಡೆಯಿತು. ಸಿಂಗಾಪುರದ ಅಧಿಕಾರಿಗಳು ಮಾತ್ರ, ತಮ್ಮಲ್ಲಿ ಅದಕ್ಕೆ ಒಪ್ಪಿಗೆ ಇರುವುದು ನೆಗಡಿ ಲಕ್ಷಣಗಳ ಉಪಶಮನಕ್ಕೆ, ಕೋವಿಡ್ ಗುಣಪಡಿಸಲು ಅಲ್ಲ ಎಂದು ತಣ್ಣಗೆ ಹೇಳಿದರು.

ಪರೀಕ್ಷೆಗೆ ಒಡ್ಡಿ ಗೆದ್ದ ಉದಾಹರಣೆಯೂ ಇದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಮಲೇರಿಯಾ ಔಷಧಿ ಹುಡುಕಲು 1967ರ ಮೇ 23ರಂದು ಶುರುವಾದ ಯೋಜನೆಯಲ್ಲಿ ತು ಯೂಯೂ ಎಂಬ ವಿಜ್ಞಾನಿ ಹಳೆಯ ಗ್ರಂಥಗಳನ್ನು ಜಾಲಾಡಿದರು. ನಾಲ್ಕನೇ ಶತಮಾನದ ಗೆ ಹೊಂಗ್ ಬರೆದ ಒಂದು ಸಾಲಿನಲ್ಲಿ ಚಿಂಗ್‌ಹಾವ್ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಯಿರಿ ಎಂದಿತ್ತು, ಕುದಿಸಿ ಎಂದಿರಲಿಲ್ಲ. ಬಿಸಿಗೆ ಸತ್ವ ಹಾಳಾಗುತ್ತಿರಬಹುದು ಎಂದು ಊಹಿಸಿ ಕಡಿಮೆ ಶಾಖದಲ್ಲಿ ಈಥರ್ ಬಳಸಿ ತೆಗೆದರು. ಅದೇ ಆರ್ಟಿಮಿಸಿನಿನ್‌ಗೆ ದಾರಿಯಾಯಿತು. 2015ರಲ್ಲಿ ನೊಬೆಲ್ ಬಂತು. ಗ್ರಂಥ ಸುಳಿವು ಕೊಟ್ಟಿತು, ಪ್ರಯೋಗಶಾಲೆ ಖಚಿತ ಮಾಡಿತು. ಗ್ರಂಥವೊಂದೇ ಸಾಕು ಎನ್ನುವವರೂ, ಗ್ರಂಥ ಸುಟ್ಟುಹಾಕಿ ಎನ್ನುವವರೂ ಇದೇ ಕತೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುವುದು ತಮಾಷೆ.

## ಮುಂದೇನಾಗಬಹುದು

ಮೊದಲು ಹೋಗುವುದು ಕಡತದಲ್ಲಿ ಮಲಗಿರುವ ಪರವಾನಗಿಗಳು. ಗಿರಾಕಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಆಮೇಲೆ ಸಣ್ಣ ಕಂಪನಿಗಳ ಸರದಿ. ಅವರು ಕೈಬಿಟ್ಟ ಮಾರುಕಟ್ಟೆ ದೊಡ್ಡವರ ಪಾಲಾಗುತ್ತದೆ. ಒಂದೇ ಔಷಧಿಗೆ ನೂರು ತಯಾರಕರು ಇದ್ದಲ್ಲಿ ಹತ್ತು ಉಳಿದರೆ ಗುಣಮಟ್ಟದ ಮೇಲೆ ಕಣ್ಣಿಡುವುದು ಸುಲಭ, ಬೆಲೆ ಏರುವುದೂ ಅಷ್ಟೇ ಸುಲಭ. ಒಂದೆರಡು ಕಂಪನಿ ಮಾತ್ರ ತಯಾರಿಸುವ ಅಪರೂಪದ ಔಷಧಿಗಳು ಕಾಣೆಯಾಗುವ ಭಯ ನಿಜವಾದದ್ದೇ.

ನನಗೆ ಇದಕ್ಕಿಂತ ದೊಡ್ಡ ಅನುಮಾನ ಬೇರೆ ಇದೆ. ಖಾಲಿ ಸಾಲಿನ ಜಾಗಕ್ಕೆ "ಕೆಲವರಿಗೆ ಹೊಟ್ಟೆ ತೊಳಸಬಹುದು, ತುರಿಕೆ ಬರಬಹುದು" ಎಂಬ ಎಲ್ಲದಕ್ಕೂ ಹೊಂದುವ ಸಾಲು ಬಂದು ಕೂತರೆ? ಕಾನೂನಿನ ಕಣ್ಣಿಗೆ ಕೆಲಸ ಮುಗಿಯಿತು. ಹೇಗೆ ಬರೆಯಬೇಕು ಎಂದು 2022ರಲ್ಲೇ ಮಾರ್ಗಸೂಚಿ ಬಂದಿದೆ, ನಿಜ. ಆದರೆ ಬರೆಯಲು ಮಾಹಿತಿ ಬರಬೇಕಾದ್ದು ಜನರಿಂದ. ಮೂಲಿಕೆ ತಿಂದವರು ಅದನ್ನು ಔಷಧಿ ಎಂದೇ ಎಣಿಸುವುದಿಲ್ಲ, ಆಸ್ಪತ್ರೆಯಲ್ಲಿ ಹೇಳುವುದಿಲ್ಲ. ಡಾಕ್ಟರು ಕೇಳುವುದಿಲ್ಲ. ಲಿವರ್ ಪರೀಕ್ಷೆಯಲ್ಲಿ ಏರುಪೇರು ಕಂಡರೆ ಕಾರಣ ಗೊತ್ತಾಗದೆಯೇ ಹೋಗುತ್ತದೆ. ದೂರು ದಾಖಲಾಗದ್ದರಿಂದ ಔಷಧಿ ನಿರಪಾಯ ಎನಿಸಿಕೊಳ್ಳುತ್ತದೆ, ನಿರಪಾಯ ಎಂದುಕೊಂಡಿದ್ದರಿಂದ ಮುಂದಿನವರೂ ಹೇಳುವುದಿಲ್ಲ.

## ನಮ್ಮಲ್ಲಿ ಹೇಗಿದೆ

ಇದನ್ನೆಲ್ಲ ಓದುವಾಗ ಆಯುರ್ವೇದ ನೆನಪಾಗದೆ ಇರದು. ನಮ್ಮಲ್ಲೂ ಕಾನೂನು ಒಪ್ಪಿದ ಗ್ರಂಥಗಳ ಸೂತ್ರದಂತೆ ತಯಾರಿಸಿದ ಔಷಧಿಗೆ ರೋಗಿಗಳ ಮೇಲಿನ ಪರೀಕ್ಷೆ ಬೇಕಿಲ್ಲ. ವತ್ಸನಾಭಿಯಂಥ ವಿಷದ್ರವ್ಯಗಳ ಪ್ರತ್ಯೇಕ ಪಟ್ಟಿ ಇದೆ, ಅವು ಇರುವ ಔಷಧಿಯ ಮೇಲೆ ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಿ ಎಂಬ ಎಚ್ಚರಿಕೆ ಅಚ್ಚಾಗಬೇಕು. ಆದರೆ ಪ್ರತಿ ಡಬ್ಬಿಯಲ್ಲೂ ಅಡ್ಡಪರಿಣಾಮ ಬರೆಯಲೇಬೇಕು, ಇಲ್ಲವಾದರೆ ಪರವಾನಗಿ ಇಲ್ಲ ಎಂಬ ಚೀನಾ ತರಹದ ಗಡುವು ಇಲ್ಲ. ನಮ್ಮ ಜಗಳವೆಲ್ಲ ಜಾಹೀರಾತಿನ ಸುತ್ತ ನಡೆದಿದೆ. ದಾರಿತಪ್ಪಿಸುವ ಜಾಹೀರಾತು ತಡೆಯಲು ಔಷಧ ನಿಯಮಾವಳಿಗೆ 2018ರಲ್ಲಿ ಸೇರಿಸಿದ 170ನೇ ನಿಯಮವನ್ನು ಕೇಂದ್ರ ಸರ್ಕಾರ 2024ರ ಜುಲೈನಲ್ಲಿ ಕೈಬಿಟ್ಟಿತು. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು, 2025ರ ಆಗಸ್ಟ್‌ನಲ್ಲಿ ಪ್ರಕರಣವನ್ನೇ ಮುಗಿಸಿತು. ಔಷಧಿ ಏನೇನು ಮಾಡುತ್ತದೆ ಎಂದು ಹೇಳಿಕೊಳ್ಳಬಹುದೇ ಎಂಬುದರ ಮೇಲೆ ಇಷ್ಟು ಚರ್ಚೆ ಆಯಿತು. ಏನು ಕೆಡುಕು ಮಾಡಬಹುದು ಎಂದು ಹೇಳಬೇಕೇ ಎಂಬುದರ ಮೇಲೆ ಅಷ್ಟು ಆಗಲಿಲ್ಲ.

ಅರಿಸ್ಟೋಲೋಕಿಯಾ ಕುಲ ನಮಗೂ ಪರಕೀಯ ಅಲ್ಲ. ಹಾವಿನ ವಿಷಕ್ಕೆ, ಹೊಟ್ಟೆನೋವಿಗೆ ಹಳ್ಳಿಗಳಲ್ಲಿ ಕೊಡುತ್ತಿದ್ದ ಈಶ್ವರಿ ಬೇರು ಇದೇ ಕುಲದ್ದು, ಅದೇ ಆಮ್ಲ ಅದರಲ್ಲೂ ಇದೆ.

ಇನ್ನೊಂದು ಅಮೃತಬಳ್ಳಿಯ ವಿವಾದ. ಕೋವಿಡ್ ಸಮಯದಲ್ಲಿ ಮನೆಮನೆಯಲ್ಲೂ ಅದರ ಕಷಾಯ ಕುದಿಯುತ್ತಿತ್ತು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಕುಡಿದ 6 ಮಂದಿಯ ಲಿವರ್‌ಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಮರುವರ್ಷ ದೇಶದ 13 ಕೇಂದ್ರಗಳಿಂದ 43 ಪ್ರಕರಣಗಳ ಇನ್ನೊಂದು ವರದಿ ಬಂತು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದರಂತೆಯೇ ಕಾಣುವ ಇನ್ನೊಂದು ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದು ಎಂದಿತು. ಸಚಿವಾಲಯ ಹೇಳಿದ್ದೇ ಸರಿ ಎಂದು ಇಟ್ಟುಕೊಂಡರೂ ಕೊಳ್ಳುವವರ ಸ್ಥಿತಿ ಬದಲಾಗುವುದಿಲ್ಲ. ಬ್ರಸೆಲ್ಸ್‌ನಲ್ಲಿ ಆದದ್ದೂ ಒಂದರ ಬದಲು ಇನ್ನೊಂದು ಬಳ್ಳಿ ಬಂದದ್ದೇ. ಒಣಗಿದ ಕಾಂಡದ ತುಂಡು ನೋಡಿ ಯಾವ ಬಳ್ಳಿ ಎಂದು ಹೇಳುವುದು ಮನೆಯವರಿಂದ ಆಗದ ಕೆಲಸ. ಅದನ್ನು ಪರೀಕ್ಷಿಸಿ ಖಚಿತಪಡಿಸಬೇಕಾದವರು ತಯಾರಕರು. ಲಿವರ್ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬೇಡಿ, ಕಣ್ಣು ಹಳದಿಯಾದರೆ ತಕ್ಷಣ ನಿಲ್ಲಿಸಿ ಎಂಬ ಎರಡು ಸಾಲನ್ನು ಪೊಟ್ಟಣದ ಮೇಲೆ ಅಚ್ಚು ಹಾಕಲು ಈ ವಿವಾದ ಬಗೆಹರಿಯುವವರೆಗೆ ಕಾಯಬೇಕಾಗಿಯೂ ಇಲ್ಲ.